ಮದುಮಗನ ಮೀಸೆ, ಭಾವನ ಕತ್ತು

ನಮ್ಮ ಬೀದಿಯ ಸಲೂನಿನ ಯಜಮಾನರ ಕತ್ತು ಬಹಳ ದಿನದಿಂದ ಅವರ ಮಾತು ಕೇಳುತ್ತಿರಲಿಲ್ಲ. ಗಿರಾಕಿಗಳ ತಲೆಯ ಮೇಲೆ ಬಗ್ಗಿ ಬಗ್ಗಿ ಅದು ಕೊರಡಿನಂತೆ ಸೆಟೆದುಕೊಂಡಿತ್ತು. ಮುಲಾಮು ಹಚ್ಚುವುದು, ಮತ್ತೆ ಬಗ್ಗುವುದು. ಅಷ್ಟೇ ಚಿಕಿತ್ಸೆ.

ಹೆಂಡತಿಯ ತಮ್ಮನಿಗೆ ಮರುದಿನ ಮದುವೆ. ಮದುಮಗ ಬಂದು ಕುರ್ಚಿಯಲ್ಲಿ ಕೂತ. "ಭಾವ, ಮೀಸೆ ಸ್ವಲ್ಪ ತಿದ್ದಿ."

ಭಾವನಿಗೆ ಕತ್ತು ಓರೆ ಮಾಡಿ ನೋಡಲು ಆಗಲಿಲ್ಲ. ಅಂದಾಜಿನಲ್ಲೇ ಕತ್ತರಿ ಆಡಿಸಿದರು. ಎಡಗಡೆ ಗಿಡ್ಡವಾಯಿತು. ಬಲಗಡೆ ಸರಿಮಾಡಲು ಹೋದರೆ ಅದು ಇನ್ನೂ ಗಿಡ್ಡವಾಯಿತು. ಸರಿದೂಗಿಸುತ್ತ ಸರಿದೂಗಿಸುತ್ತ ಕೊನೆಗೆ ಮೀಸೆಯೇ ಉಳಿಯಲಿಲ್ಲ.

ಅಷ್ಟರಲ್ಲಿ ಹೆಂಡತಿ ಬಂದಳು. "ನನ್ನ ತಮ್ಮ ಎಲ್ಲಿ?"

"ಇಲ್ಲೇ ಇದೀನಕ್ಕ," ಎಂದ ಮದುಮಗ, ಅಳುವ ದನಿಯಲ್ಲಿ.

ಯಜಮಾನರಿಗೆ ರೋಸಿಹೋಯಿತು. ಪಕ್ಕದ ಸೈಕಲ್ ಶಾಪಿನವನನ್ನು ಕರೆದು, "ಈ ಕತ್ತನ್ನ ಎರಡೂ ಕೈಲಿ ಹಿಡ್ಕೊಂಡು ಒಂದ್ಸಲ ಲಟಕ್ ಅನ್ಸಪ್ಪ," ಎಂದರು.

ಮದುವೆಗೆಂದು ಬಂದಿದ್ದ ಯಜಮಾನರ ತಂಗಿ ಅತ್ತಿಗೆಯ ಹಿಂದೆಯೇ ಇದ್ದಳು. ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುವವಳು. "ಬಿಡಿ ಬಿಡಿ, ಅದು ಕತ್ತು, ಪೆಡಲ್ ಅಲ್ಲ. ಹಾಗೆ ತಿರುಚಿದ್ರೆ ನರಕ್ಕೋ ರಕ್ತನಾಳಕ್ಕೋ ಪೆಟ್ಟಾಗಬಹುದು. ಅಣ್ಣ, ಕೈ ಜೋಮು ಹಿಡಿಯುತ್ತಾ? ಹಿಡಿತ ತಪ್ಪುತ್ತಾ?"

"ಕೈಗೇನೂ ಆಗಿಲ್ಲ."

"ಅದು ನನ್ನ ತಮ್ಮನ ಮುಖ ನೋಡಿದ್ರೇ ಗೊತ್ತಾಗುತ್ತೆ," ಎಂದಳು ಹೆಂಡತಿ.

ತಂಗಿ ಅಣ್ಣನನ್ನು ಕನ್ನಡಿ ಮುಂದೆ ಕೂರಿಸಿದಳು. "ಎದುರಿಗೇ ನೋಡು. ತಲೆ ಬಗ್ಗಿಸದೆ ಗದ್ದ ಹಿಂದಕ್ಕೆಳಕೋ. ಎರಡನೇ ಗದ್ದ ಕಾಣ್ಬೇಕು."

"ಇದೂ ಒಂದು ವ್ಯಾಯಾಮನಾ? ಅತ್ತೆ ಬಂದಾಗೆಲ್ಲ ನನ್ನ ಮುಖ ಹೀಗೇ ಆಗುತ್ತೆ."

"ಕೇಳಿಸ್ತು," ಎಂದಳು ಹೆಂಡತಿ.

"ಈಗ ಹೆಗಲ ಮೂಳೆ ಎರಡನ್ನೂ ಹಿಂದೆ ಹತ್ರ ತಗೊಂಡ್ಬಾ. ಬಿಡು. ಹಣೆಗೆ ಅಂಗೈ ಒತ್ತು, ತಲೆ ಮಾತ್ರ ಅಲ್ಲಾಡ್ಬಾರದು. ಆಮೇಲೆ ನಿಧಾನವಾಗಿ ಆ ಕಡೆ, ಈ ಕಡೆ ತಿರುಗು. ನೋವು ಜಾಸ್ತಿಯಾದ್ರೆ ನಿಲ್ಲಿಸು. ದಿನಾ ಮಾಡ್ಬೇಕು. ಗಿರಾಕಿ ಕುರ್ಚಿ ಎತ್ತರಿಸ್ಕೋ, ನೀನು ಬಗ್ಗಬೇಡ."

ಮರುದಿನ ಮೀಸೆಯಿಲ್ಲದ ಮದುಮಗನನ್ನು ಹೆಣ್ಣಿನ ಕಡೆಯವರು ಛತ್ರದ ಬಾಗಿಲಲ್ಲೇ ತಡೆದು, ಯಾರ ಕಡೆಯವರು ಎಂದು ಕೇಳಿದರು. ಮದುವೆಯೇನೋ ಸುಸೂತ್ರವಾಗಿ ಆಯಿತು.

ನಾಲ್ಕು ದಿನ ವ್ಯಾಯಾಮ ಮಾಡಿ ಯಜಮಾನರು, "ಇದರಿಂದ ಏನೂ ಆಗಲ್ಲ," ಎಂದು ಬಿಟ್ಟರು. ಹೆಂಡತಿ ಬಿಡಲಿಲ್ಲ. ಗದ್ದ ಎಳೆದುಕೊಳ್ಳದೆ ಕಾಫಿ ಇಲ್ಲ ಎಂದಳು. ಕಾಫಿಗಾಗಿ ಶುರುವಾದದ್ದು ಅಭ್ಯಾಸವಾಯಿತು.

ಕೆಲವು ವಾರಗಳಾದ ಮೇಲೆ ಒಂದು ಮಧ್ಯಾಹ್ನ ಊಟದ ಡಬ್ಬಿ ತಂದ ಹೆಂಡತಿ ಬಾಗಿಲಿಂದ, "ರೀ," ಎಂದಳು. ಅವರು ನಿಂತಲ್ಲೇ ಕತ್ತಷ್ಟೇ ತಿರುಗಿಸಿ ನೋಡಿದರು. ಅವಳು ಡಬ್ಬಿ ಹಿಡಿದು ನಿಂತೇ ಇದ್ದಳು.

"ಏನೇ?"

"ಏನಿಲ್ಲ. ನೀವು ಹೀಗೆ ತಿರುಗಿ ನೋಡಿ ಎಷ್ಟು ಕಾಲ ಆಗಿತ್ತು." ಆಮೇಲೆ ಮೆಲ್ಲಗೆ, "ನಂಗೂ ಹೇಳ್ಕೊಡಿ. ಹೊಲಿಗೆ ಮಿಷನ್ ತುಳಿದು ತುಳಿದು ನಂಗೂ ಕತ್ತು ನೋಯುತ್ತೆ," ಎಂದಳು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಕತ್ತೂ ಹೀಗೇ ಹಟ ಹಿಡಿದಿದೆಯೇ? ಯಾರ ಕೈಯಲ್ಲೂ ಲಟಕ್ ಎನ್ನಿಸಬೇಡಿ. ಕೈ ಜೋಮು, ನಿಶ್ಶಕ್ತಿ, ಜ್ವರ ಇದ್ದರೆ, ಬಿದ್ದ ಮೇಲೆ ನೋವು ಬಂದಿದ್ದರೆ ಮೊದಲು ಡಾಕ್ಟರನ್ನು ಕಾಣಿ. ಇಲ್ಲದಿದ್ದರೆ ತಿಳಿದವರಿಂದ ವ್ಯಾಯಾಮ ಕಲಿತು ದಿನಾ ಮಾಡಿ. ಈಗ ಈ ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯಿರಿ. ಬಗ್ಗಿಕೊಂಡೇ ಓದುತ್ತಿದ್ದೀರಿ, ನಮಗೆ ಗೊತ್ತು.