ಸುಳ್ಳು ಗಡಿಯಾರ

ನಮ್ಮ ತಂಡದ ಮುಖ್ಯಸ್ಥನಿಗೆ ನಾವು ಇಟ್ಟ ಹೆಸರು ಅವಸರಪ್ಪ. ಹೋದ ವರ್ಷ ತಾನು ಮಾಡಿದ ಎಡವಟ್ಟನ್ನು ಎಲ್ಲರೆದುರು ನನ್ನ ತಲೆಗೆ ಕಟ್ಟಿ, ನನ್ನನ್ನು ಶೌಚಾಲಯದ ಬಾಗಿಲ ಪಕ್ಕದ ಮೇಜಿಗೆ ತಳ್ಳಿದ. ಅಂದಿನಿಂದ ನನ್ನ ಹೊಟ್ಟೆಯೊಳಗೆ ಬೆಂಕಿ. ಅವನ ಮರ್ಯಾದೆಯನ್ನೂ ಹಾಗೇ ಎಲ್ಲರೆದುರು ಕಳೆಯಬೇಕು, ನನಗೆ ಬೇಕಿದ್ದದ್ದು ಅಷ್ಟೇ.

ನಾವು ಕೋಡ್ ಬರೆಯುತ್ತಿದ್ದದ್ದು ಆಸ್ಪತ್ರೆಯ ಅಲಾರಂಗೆ. ರೋಗಿಯ ನಾಡಿ ಹತ್ತು ಸೆಕೆಂಡು ನಲವತ್ತಕ್ಕಿಂತ ಕೆಳಗಿದ್ದರೆ ದಾದಿಯರ ಕೋಣೆಯಲ್ಲಿ ಅದು ಕೂಗಬೇಕು. ಇಂಥದ್ದನ್ನು ಪರೀಕ್ಷಿಸಲು ಕಾದು ಕೂರಬೇಕಿಲ್ಲ. ಟೆಸ್ಟಿನೊಳಗೆ ಒಂದು ಸುಳ್ಳು ಗಡಿಯಾರವಿಟ್ಟು ಮುಳ್ಳನ್ನು ಬೇಕಾದಷ್ಟು ತಿರುಗಿಸಬಹುದು. ಎಂಟು ಗಂಟೆ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ.

"ಗಡಿಯಾರ ಇಟ್ಕೊಂಡು ಆಟ ಆಡ್ಬೇಡಮ್ಮ," ಎಂದು ಅವಸರಪ್ಪ ನಕ್ಕಿದ್ದ. ತನ್ನ ಕೋಡಿಗೆ ಅವನು ಮಾಡಿದ್ದು ಒಂದೇ ಟೆಸ್ಟ್: ಮೂವತ್ತೆಂಟು ಎಂದು ಒಂದು ಸಲ ಕಳಿಸಿ ಹತ್ತು ಸೆಕೆಂಡು ಕಾದ, ಅಲಾರಂ ಕೂಗಿತು, ಕೈ ತೊಳೆದುಕೊಂಡ.

ನಾನು ಸುಳ್ಳು ಗಡಿಯಾರವಿಟ್ಟು ಮೂರು ಸೆಕೆಂಡಿಗೊಮ್ಮೆ ಮೂವತ್ತೆಂಟು, ಮೂವತ್ತಾರು, ಮೂವತ್ತೇಳು ಎಂದು ಕಳಿಸುತ್ತಾ ಹೋದೆ. ಅಂಕಿ ಬದಲಾದಾಗಲೆಲ್ಲ ಅವನ ಕೋಡ್ ಹತ್ತರ ಎಣಿಕೆಯನ್ನು ಮತ್ತೆ ಮೊದಲಿನಿಂದ ಶುರು ಮಾಡುತ್ತಿತ್ತು. ಎಂಟು ಗಂಟೆ ಓಡಿಸಿದರೂ ಅಲಾರಂ ಕೂಗಲೇ ಇಲ್ಲ. ನನಗೆ ಕುಣಿಯುವುದೊಂದು ಬಾಕಿ. ಯಾರೊಡನೆಯೂ ಬಾಯಿ ಬಿಡದೆ, ಆಸ್ಪತ್ರೆಯವರು ಬರುವ ಸಭೆಗಾಗಿ ದಿನ ಎಣಿಸಿದೆ.

ಸಭೆಯಲ್ಲಿ ಅವನು ಎದೆಯುಬ್ಬಿಸಿ ಮಾತು ಮುಗಿಸಿದ ಮೇಲೆ ಎದ್ದೆ.

"ಸರ್, ನನ್ನ ಆಟಾನೂ ಒಂಚೂರು ನೋಡ್ಬಿಡಿ."

ಟೆಸ್ಟ್ ಓಡಿಸಿದೆ. ಪರದೆಯ ಮೇಲೆ ಕೆಂಪು ಸಾಲು ಬಂತು: ಎಂಟು ಗಂಟೆ, ಅಲಾರಂ ಸೊನ್ನೆ. ಅವಸರಪ್ಪನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಒಂದು ವರ್ಷದ ಬೆಂಕಿ ತಣ್ಣಗಾಯಿತು.

ಆಸ್ಪತ್ರೆಯ ಹಿರಿಯ ದಾದಿ ಮಾತ್ರ ಅವನ ಕಡೆ ನೋಡಲಿಲ್ಲ. ಪರದೆಯ ಮೂಲೆಯಲ್ಲಿದ್ದ, ನಾನು ಟೆಸ್ಟ್ ಬರೆದ ತಾರೀಖನ್ನು ಓದುತ್ತಿದ್ದರು.

"ಇದು ನಿಮ್ಗೆ ಗೊತ್ತಾಗಿ ಒಂಬತ್ತು ದಿನ ಆಯ್ತಾ?"

"ಹೂಂ, ಮೇಡಂ."

"ಹೋದ ವಾರ ನಮ್ಮಲ್ಲಿ ಆರು ಹಾಸಿಗೆಗೆ ಇದನ್ನೇ ಹಾಕಿದಾರೆ. ಅದೂ ಗೊತ್ತಿತ್ತಾ?"

ಗೊತ್ತಿತ್ತು. ಆ ಆರು ಅಲಾರಂ ಪೆಟ್ಟಿಗೆಗಳನ್ನು ಕಟ್ಟಿ ಕಳಿಸಿದವಳೇ ನಾನು.

ಅವರು ವಾರ್ಡಿಗೆ ಫೋನ್ ಮಾಡಿದರು. "ಆ ಆರೂ ಹಾಸಿಗೆ ಹತ್ರ ಒಬ್ಬೊಬ್ರು ಕೂತ್ಕೊಳ್ಳಿ. ಈಗ್ಲೇ."

ಆ ಕಡೆಯಿಂದ ಏನೋ ಹೇಳಿದರು. ಅವರು ಕುರ್ಚಿಯ ಬೆನ್ನು ಹಿಡಿದುಕೊಂಡರು.

"ನಾಲ್ಕನೇ ಹಾಸಿಗೆ ಅಜ್ಜನಾ? ಯಾವಾಗ?"

ನನ್ನ ಕೆಂಪು ಸಾಲು ಪರದೆಯ ಮೇಲೆ ಹಾಗೇ ಇತ್ತು.