ವಾಲಿದ ನಾಲ್ಕು

ಹಳೆಯ ರೇಸು ಕಾರುಗಳ ಪೂರ್ವಾಪರ ಹುಡುಕುವುದರಲ್ಲಿ ಅವನನ್ನು ಮೀರಿಸಿದವರಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು; ಎಲ್ಲರಿಗಿಂತ ಮೊದಲು ಅವನೇ ಹೇಳುತ್ತಿದ್ದ. ಯಾವ ಕಾರು ಯಾವ ವರ್ಷ ಯಾರ ಕೈಯಲ್ಲಿತ್ತು, ಯಾರು ಯಾರಿಗೆ ದಾಟಿಸಿದರು, ಯಾವ ತಿರುವಿನಲ್ಲಿ ಮಗುಚಿತು, ಎಲ್ಲ ಅವನ ನಾಲಗೆಯ ತುದಿಯಲ್ಲೇ. ಕ್ಲಬ್ಬಿನವರು ಅವನಿಗೆ 'ಕುಲಗೋತ್ರ' ಎಂದು ಹೆಸರಿಟ್ಟಿದ್ದರು. ಹೆಂಡತಿಯ ತವರಿನ ಬಗ್ಗೆ ಯಾರಾದರೂ ಕೇಳಿದರೆ ಮಾತ್ರ, "ಮಾವ ಏನೋ ಪಂಪು ರಿಪೇರಿ ಮಾಡ್ಕೊಂಡಿದ್ರಂತೆ" ಎಂದು ಕೈಯಾಡಿಸಿಬಿಡುತ್ತಿದ್ದ.

ಅವನ ಹೆಸರೆಲ್ಲ ನಿಂತದ್ದು ಒಂದು ಅಂಕಿಯ ಮೇಲೆ. ಪ್ರಪಂಚದಲ್ಲಿ ಒಂದೇ ಒಂದು ತಯಾರಾದ ಹಸಿರು ರೇಸು ಕಾರು, ಅದರ ಉಕ್ಕಿನ ಚೌಕಟ್ಟಿನ ಮೇಲೆ ಅಚ್ಚು ಹೊಡೆದ ಸಂಖ್ಯೆ 1742. ಹಳೆಯ ಪತ್ರಿಕೆಯ ಮಸುಕು ಪಟವೊಂದರಲ್ಲಿ ಆ ನಾಲ್ಕು ಬಲಕ್ಕೆ ವಾಲಿತ್ತು. ಕಾರ್ಖಾನೆಯಲ್ಲಿ ಅಂಕಿ ಹೊಡೆಯುವವನು ಎಡಚನಿದ್ದ, ಆದ್ದರಿಂದ ವಾಲಿದ ನಾಲ್ಕೇ ಅಸಲಿಯ ಗುರುತು ಎಂದು ಇವನು ತನ್ನ ಪುಸ್ತಕದಲ್ಲಿ ಇಪ್ಪತ್ತು ಪುಟ ಬರೆದ. ನೆಟ್ಟಗಿನ ನಾಲ್ಕಿನ ಕಾರು ತಂದಿದ್ದ ನಿವೃತ್ತ ಮೇಷ್ಟ್ರೊಬ್ಬರನ್ನು ತುಂಬಿದ ಸಭೆಯಲ್ಲಿ ಮೂರು ಕಾಸಿಗೆ ಕಡೆ ಮಾಡಿ ಕಳಿಸಿದ. ಪುಸ್ತಕ ಬಂದ ಎರಡೇ ವರ್ಷಕ್ಕೆ, ಯಾರದೋ ಗೋದಾಮಿನಲ್ಲಿ, ನಾಲ್ಕು ವಾಲಿದ ಕಾರೂ ಸಿಕ್ಕಿಬಿಟ್ಟಿತು. ಕಾರೇ ಎದ್ದು ಬಂದು ತನ್ನ ಪರ ಸಾಕ್ಷಿ ಹೇಳಿತೆಂದು ಬೀಗಿದ.

ಆ ಕಾರು ಈಗ ಟೈಲ್ಸ್ ಕಾರ್ಖಾನೆಯ ಸಾಹುಕಾರನದು. ಭಾನುವಾರ ಪ್ರದರ್ಶನ, ಅಷ್ಟರೊಳಗೆ ಕಾರಿನ ಪೂರ್ತಿ ಚರಿತ್ರೆ ಬರೆದು ಕುಲಗೋತ್ರ ಸಹಿ ಹಾಕಬೇಕು. ಕಾಗದಗಳೆಲ್ಲ ಇದ್ದವು, ಕೆಲವು ಹಳೆಯ ಕಾಗದದಂತೆ ಕಂದಾಗಿ ಚಹಾದ ವಾಸನೆ ಹೊಡೆಯುತ್ತಿದ್ದವು ಅಷ್ಟೇ. ಆದರೆ ಗುಡ್ಡದ ರೇಸಿನಲ್ಲಿ ಕಾರು ಕಂದಕಕ್ಕೆ ಬಿದ್ದ ಮೇಲೆ ಆರು ವರ್ಷ ಎಲ್ಲಿತ್ತು ಎಂಬುದಕ್ಕೆ ಒಂದು ಚೀಟಿಯೂ ಇರಲಿಲ್ಲ.

"ಯಾವ್ದಾದ್ರೂ ರಾಜಕುಮಾರನ ಹತ್ರ ಇತ್ತು ಅಂತಿದ್ರೆ ಚೆನ್ನಾಗಿರುತ್ತೆ," ಎಂದ ಸಾಹುಕಾರ. "ಹಂಗೇ ಬರೀರಿ ಅಂತಲ್ಲ. ಸುಮ್ನೆ ಹೇಳ್ದೆ."

ಕುಲಗೋತ್ರ ಮೂರು ದೇಶಗಳ ದಫ್ತರಗಳಿಗೆ ಇಮೇಲ್ ಕಳಿಸಿದ. ಎಲ್ಲರೂ ವಿಷಾದಿಸಿದರು. ಗುರುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಪಟಗಳನ್ನು ಹರಡಿಕೊಂಡು ತಲೆ ಕೆರೆದುಕೊಳ್ಳುತ್ತಿದ್ದಾಗ, ಮೇಜು ಒರೆಸಲು ಬಂದ ಅತ್ತೆ ಪತ್ರಿಕೆಯ ಆ ಮಸುಕು ಪಟ ಕಂಡು ಬಟ್ಟೆ ಹಿಡಿದು ಹಾಗೇ ನಿಂತರು. ಗಂಡ ಹೋದ ಮೇಲೆ ಹನ್ನೊಂದು ವರ್ಷದಿಂದ ಅವರು ಮಗಳ ಮನೆಯಲ್ಲೇ ಇದ್ದರು. ಅಷ್ಟು ಕಾಲದಲ್ಲಿ ಅಳಿಯ ಅವರನ್ನು ಕೇಳಿದ ಅತಿ ದೊಡ್ಡ ಪ್ರಶ್ನೆಯೆಂದರೆ ಉಪ್ಪು ಎಲ್ಲಿದೆ ಎಂಬುದು.

"ಅಯ್ಯೋ, ಇದು ನನ್ನ ನಾಲ್ಕು!"

"ನಿಮ್ಮ ನಾಲ್ಕಾ?"

"ಹೂಂ, ನಾನೇ ಹೊಡೆದದ್ದು. ಕಂದಕಕ್ಕೆ ಬಿದ್ದ ಗಾಡೀನ ನಮ್ಮ ಹಿತ್ತಲಿಗೇ ತಂದು ಹಾಕಿದ್ರು. ಚೌಕಟ್ಟು ಸೊಟ್ಟಂಬಟ್ಟ ಆಗಿತ್ತು. ಪಂಪು ರಿಪೇರಿ ಮಧ್ಯೆ ಬಿಡುವು ಸಿಕ್ಕಾಗೆಲ್ಲ ಕೂತು ನಿಮ್ಮ ಮಾವ ಹೊಸದು ಕಟ್ಟಿದ್ರು, ಆರು ವರ್ಷ. ಹಳೇ ಚೌಕಟ್ಟನ್ನ ಯಾರೋ ಮೇಷ್ಟ್ರು ಬೇಡಿಕೊಂಡು ತಗೊಂಡ್ಹೋದ್ರು. ಸಂಖ್ಯೆ ಹೊಡೆಯೋವಾಗ ಒಂದಾದ್ರೂ ನಾನು ಹೊಡೀತೀನಿ ಅಂದೆ. ಆಗ ನಿಮ್ಮ ಹೆಂಡ್ತಿ ನನ್ನ ಹೊಟ್ಟೇಲಿ, ಏಳು ತಿಂಗಳು. ಬಗ್ಗೋಕಾಗದೆ ಪಕ್ಕದಿಂದ ಸುತ್ತಿಗೆ ಬೀಸಿದೆ, ವಾಲಿಬಿಡ್ತು. ಇರ್ಲಿ ಬಿಡು, ನಿನ್ನ ಸಹಿ ಇದ್ದಂಗೆ ಅಂತ ನಕ್ಕಿದ್ರು. ಆಮೇಲೆ ಗಾಡಿ ಮತ್ತೆ ರೇಸಿಗೆ ಹೋದಾಗ ತೆಗೆದ ಪಟ ಇದು."

ಅವರು ಒಳಗೆ ಹೋಗಿ ತಮ್ಮ ಪೆಟ್ಟಿಗೆಯಿಂದ ಬೆರಳುದ್ದದ ಉಕ್ಕಿನ ಅಚ್ಚೊಂದನ್ನು ತಂದರು. ತುದಿಯಲ್ಲಿ ತಿರುವುಮುರುವಾದ ನಾಲ್ಕು, ಅದರ ಬುಡ ಚಕ್ಕೆ ಎದ್ದು ಹೋಗಿತ್ತು. ಕುಲಗೋತ್ರ ಅಚ್ಚನ್ನು ತಿರುಗಿಸಿ ನೋಡಿದ. ಎಡಚನೂ ಇಲ್ಲ, ಗಿಡಚನೂ ಇಲ್ಲ. ಇಪ್ಪತ್ತು ಪುಟ ಅತ್ತೆಯ ಬಸಿರಿನ ಮೇಲೆ ನಿಂತಿತ್ತು, ಅಸಲಿ ಚೌಕಟ್ಟನ್ನು ಅವನೇ ಸಭೆಯಿಂದ ಹೊರಗಟ್ಟಿದ್ದ.

"ನಮ್ಮ ಹಿತ್ತಲಲ್ಲಿತ್ತು, ಅವರು ಕಟ್ಟಿದ್ದು ಅಂತ ಬರೀರಿ. ಒಂದೇ ಸಾಲು ಸಾಕು," ಎಂದರು ಅತ್ತೆ. "ಭಾನುವಾರ ನನ್ನನ್ನೂ ಕರ್ಕೊಂಡು ಹೋಗಿ. ಅವರ ಕೈಕೆಲಸ ಅಂತ ಉಳಿದಿರೋದು ಅದೊಂದೇ."

ನಿಜ ಬರೆಯಬೇಕೋ ಬೇಡವೋ ಎಂದು ಅವನು ಒಂದು ನಿಮಿಷ ಯೋಚಿಸಿದ. ಸುಳ್ಳನ್ನು ಹೇಗೆ ಬರೆಯುವುದೆಂದು ಎರಡು ದಿನ ಯೋಚಿಸಿದ. 'ಈ ಆರು ವರ್ಷ ಕಾರು, ಹೆಸರು ಹೇಳಲಿಚ್ಛಿಸದ ಪ್ರತಿಷ್ಠಿತ ಮನೆತನವೊಂದರ ಖಾಸಗಿ ಸಂಗ್ರಹದಲ್ಲಿತ್ತು.' ಅತ್ತೆಯ ಹಿತ್ತಲಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ಯಾರು ಕೊಟ್ಟಾರು ಎಂದು ಸಮಾಧಾನವನ್ನೂ ಮಾಡಿಕೊಂಡ.

ಭಾನುವಾರ ಅತ್ತೆ ಇದ್ದುದರಲ್ಲಿ ಒಳ್ಳೆಯದನ್ನು ಉಟ್ಟುಕೊಂಡು ಬಂದರು. ಕಾರಿನ ಸುತ್ತ ಹಗ್ಗ, ಹಗ್ಗದ ಸುತ್ತ ಜನ. ಕಾರಿನ ಪಕ್ಕದ ಪುಟ್ಟ ಮೇಜಿನ ಮೇಲೆ ಚರಿತ್ರೆಯ ಪತ್ರ ಸಹಿಗಾಗಿ ಕಾದಿತ್ತು. "ಬನ್ನಿ ಅಮ್ಮಾ, ಆ ಪ್ರಸಿದ್ಧ ನಾಲ್ಕು ನೋಡಿ!" ಎಂದು ಸಾಹುಕಾರನೇ ಹಗ್ಗ ಎತ್ತಿದ.

ಅತ್ತೆ ಚೌಕಟ್ಟನ್ನು ಮೆಲ್ಲಗೆ ಸವರಿದರು. ಆಮೇಲೆ ಚೀಲದಿಂದ ಅಚ್ಚು ತೆಗೆದು ನಾಲ್ಕಿನ ಮೇಲಿಟ್ಟರು. ಅದು ಕೂರಲಿಲ್ಲ. ತಿರುಗಿಸಿ ಮತ್ತೆ ಇಟ್ಟರು.

"ಇದಲ್ಲ," ಎಂದರು ಅಳಿಯನಿಗಷ್ಟೇ ಕೇಳುವಂತೆ. "ನನ್ನ ನಾಲ್ಕಿಗೆ ಬುಡ ಇಲ್ಲ, ಇದಕ್ಕೆ ಪೂರ್ತಿ ಕಾಲಿದೆ. ಯಾರೋ ನಿಮ್ಮ ಪುಸ್ತಕ ನೋಡ್ಕೊಂಡು ವಾಲಿಸಿದ್ದಾರೆ." ಅವರು ಚೌಕಟ್ಟಿನಿಂದ ಕೈ ಹಿಂದೆಗೆದರು. "ಹಂಗಾದ್ರೆ ಅವರು ಕಟ್ಟಿದ ಗಾಡಿ ಎಲ್ಲಿ?"

ಕುಲಗೋತ್ರ ಬಗ್ಗಿ ನೋಡಿದ. ಪೂರ್ತಿ ಕಾಲು, ಚೊಕ್ಕವಾಗಿ, ಅವನ ಪುಸ್ತಕದಲ್ಲಿ ಹೇಳಿದಷ್ಟೇ ವಾಲಿಕೊಂಡು ನಿಂತಿತ್ತು. ಅವನಿಗೆ ನಾಚಿಕೆಯಾಯಿತು. ಸುತ್ತ ಇದ್ದ ಜನರನ್ನು ನೋಡಿದ ಮೇಲೆ ನಾಚಿಕೆಗಿಂತ ಹೆದರಿಕೆ ಹೆಚ್ಚಾಯಿತು.

"ಅಮ್ಮ ಏನಂತಿದ್ದಾರೆ?" ಎಂದ ಸಾಹುಕಾರ, ಪೆನ್ನು ಚಾಚುತ್ತ.

"ಏನಿಲ್ಲ. ಅವರಿಗೆ ಸ್ವಲ್ಪ ಕಣ್ಣು ಮಂಜು," ಎಂದು ಕುಲಗೋತ್ರ ಸಹಿ ಹಾಕಿದ.

ಅತ್ತೆ ಅಚ್ಚನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು. ಈ ಸಲ ಎಲ್ಲರಿಗೂ ಕೇಳುವಂತೆ ಹೇಳಿದರು:

"ನಿಜ ಕಣಪ್ಪ, ನನಗೆ ಮೊದಲಿಂದಲೂ ಕಣ್ಣು ಮಂಜು. ಅದಕ್ಕೇ ತಾನೇ ಮೂವತ್ತು ವರ್ಷದ ಹಿಂದೆ ಇವರನ್ನ ನೋಡಿ ಮಗಳನ್ನ ಕೊಟ್ಟಿದ್ದು."