ಚಿನ್ನಕ್ಕನ ಧಾರೆ ಸೀರೆ

“ಇನ್ನೊಂದ್ಸಲ ಹೇಳೋ ಕ್ಯಾತಪ್ಪ! ನನ್ನ ಮುಖ ನೋಡಿ ಹೇಳು, ನಾಚಿಕೆಗೆಟ್ಟೋನೆ!” ಎಂದು ಕೂಗಿದೆ.

“ಹತ್ತು ಸಲ ಹೇಳ್ತೀನಿ. ನಿನ್ನ ತಮ್ಮ ಜೋಗಪ್ಪ ಕಿರಸ್ತಾನ ಆಗ್ಯಾನೆ. ದೇವರ ಪೆಟ್ಟಿಗೇನ ಬಾವಿಗೆ ಹಾಕಿ ನೀನೂ ಬಾ ಅಂತ ನನ್ನೂ ಕರೆದ. ನಾನು ಛೀ ಅಂದೆ.”

ಮೊಳಕಾಲ್ಮೂರಿನ ನೇಕಾರರ ಬೀದಿಯೆಲ್ಲ ಕುಲದ ಪಂಚಾಯ್ತಿ ಕಟ್ಟೆಯ ಮುಂದೆ ನೆರೆದಿತ್ತು. ನನಗೆ ಸಿಡಿಲು ಬಡಿದಂತಾಯಿತು. ತಮ್ಮ ಕಿರಸ್ತಾನನಾದದ್ದು ನನಗೆ ಗೊತ್ತಿತ್ತು, ಅದಕ್ಕಲ್ಲ. ಹೋದ ವರ್ಷ ಪ್ಲೇಗು ಇಳಿದ ಮೇಲೆ ಚಳ್ಳಕೆರೆ ಸಂತೆಗೆ ಹೋಗಿದ್ದಾಗ, ಪಾದ್ರಿ ಇವರಿಬ್ಬರನ್ನೂ ಕೆರೆಯಲ್ಲಿ ಮುಳುಗಿಸಿ ಎತ್ತಿದ್ದನ್ನು ದಂಡೆಯ ಮೇಲೆ ನಿಂತು ನಾನೇ ನೋಡಿದ್ದೆ. ಇಬ್ಬರನ್ನೂ! ಮೊದಲು ನೀರಿಗಿಳಿದವನೇ ಈ ಕ್ಯಾತಪ್ಪ. ಕುಲದವರಿಗೆ ಇಬ್ಬರೂ ಕೂಡಿಯೇ ಹೇಳೋಣ ಎಂದು ಮಾತಾಡಿಕೊಂಡಿದ್ದರು. ಅಷ್ಟರಲ್ಲಿ ಅವನ ಮಗಳು ಚಿನ್ನಕ್ಕನಿಗೆ ಗಂಡು ಗೊತ್ತಾಯಿತು, ಬೀಗರ ಕಿವಿಗೆ ಕಿರಸ್ತಾನರಾದ ಸುದ್ದಿ ಏನೋ ಬಿತ್ತು. ತಾನು ತಪ್ಪಿಸಿಕೊಳ್ಳಲು ಗೆಳೆಯನನ್ನೇ ಹಿಡಿದುಕೊಟ್ಟ.

ಎಂಥ ಗೆಳೆಯ! ಮೀಸೆ ಮೂಡುವ ಮೊದಲಿನಿಂದ ಇಬ್ಬರದೂ ಒಂದೇ ಮಗ್ಗ. ನಮ್ಮ ಸೀರೆಯ ಮೈ ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ಕ್ಯಾತಪ್ಪ ಮೈಗೆ ಲಾಳಿ ಎಸೆದರೆ, ಪಕ್ಕದಲ್ಲಿ ಕೂತ ಜೋಗಪ್ಪ ಅಂಚಿಗೆ ಎಸೆಯಬೇಕು. ಒಬ್ಬನಿಂದ ಆಗುವ ಕೆಲಸವಲ್ಲ ಅದು.

“ಯಜಮಾನ್ರೇ, ಚಳ್ಳಕೆರೆ ಕೆರೆಯಾಗೆ ಇವನೂ...” ಎಂದು ಬಾಯಿ ತೆಗೆದೆ. ಜೋಗಪ್ಪ ಅಂಗೈಯಿಂದ ನನ್ನ ಬಾಯಿ ಮುಚ್ಚಿಬಿಟ್ಟ.

“ಬ್ಯಾಡಣ್ಣ,” ಎಂದು ಕಿವಿಯಲ್ಲಿ ಹೇಳಿದ. “ಆ ಹುಡುಗಿ ಮದುವೆ ಮುರಿದು ಬೀಳ್ತೈತೆ.”

ಯಜಮಾನ ಗಾದ್ರಪ್ಪ ತೀರ್ಪು ಕೊಟ್ಟ. ಹೊತ್ತು ಮುಳುಗುವುದರೊಳಗೆ ಜೋಗಪ್ಪ ಊರು ಬಿಡಬೇಕು. ಅವನಿಗೆ ಬೆಂಕಿ, ನೀರು ಕೊಟ್ಟವರಿಗೂ ಅದೇ ಗತಿ.

ಜೋಗಪ್ಪ ಕೈಮುಗಿದ. “ಬಿಡ್ತೀನಿ ಯಜಮಾನ್ರೇ. ನಾಡಿದ್ದು ಚಿನ್ನಕ್ಕನ ಧಾರೆ. ಸೀರೆ ಇನ್ನೂ ಮಗ್ಗದ ಮ್ಯಾಲೇ ಐತೆ, ಗೇಣುದ್ದ ಉಳಿದೈತೆ. ಮುಗಿಸಿ ಹೋಗ್ತೀನಿ.”

ಕ್ಯಾತಪ್ಪನ ಮುಖ ಬೂದಿಯಾಯಿತು.

“ಕಿರಸ್ತಾನ ಮುಟ್ಟಿದ ಸೀರೆ ಉಟ್ಟು ಹಸೆಮಣೆ ಏರ್ತಾಳಾ?” ಎಂದಳು ಗುಂಪಿನಲ್ಲಿದ್ದ ಬೋರಕ್ಕ.

ಗಾದ್ರಪ್ಪ ಗಡ್ಡ ಕೆರೆದುಕೊಂಡ. “ರೇಷ್ಮೆಗೆ ಮೈಲಿಗೆ ಇಲ್ಲ, ಸುಮ್ಕಿರವ್ವ. ಮದುವೆ ಕಾಲದಾಗೆ ಅಂಚಿಗೆ ಬೇರೆ ಆಳನ್ನ ನೀನು ತರ್ತೀಯಾ?”

ಮಗ್ಗದ ಮನೆಗೆ ಹೋಗುವ ದಾರಿಯುದ್ದಕ್ಕೂ ನಾನು ಕೂಗಿದೆ. “ಹೊಟ್ಟೆ ಮ್ಯಾಲೆ ಹೊಡೆದೋನ ಮಗಳಿಗೆ ಸೀರೆ ನೇಯ್ತೀಯೇನಲೇ? ಆ ಮಗ್ಗಕ್ಕೆ ಬೆಂಕಿ ಇಡ್ತೀನಿ!”

“ನಮ್ಮ ಸ್ವಾಮಿ ತನ್ನ ಹಿಡುಕೊಡೋನಿಗೂ ಕೈಯಾರೆ ರೊಟ್ಟಿ ಕೊಟ್ಟ, ಅಣ್ಣ. ಹಿಡುಕೊಡ್ತಾನೆ ಅಂತ ಗೊತ್ತಿದ್ದೂ ಕೊಟ್ಟ. ನಂದು ಬರೇ ಗೇಣು ಅಂಚು.”

ನಾನು ಬಾಗಿಲಲ್ಲೇ ನಿಂತೆ. ಇಬ್ಬರೂ ಮಗ್ಗದ ಗುಂಡಿಗೆ ಕಾಲಿಳಿಬಿಟ್ಟು ಕೂತರು. ಕ್ಯಾತಪ್ಪನ ಕೈಯಿಂದ ಲಾಳಿ ಜಾರಿ ಬಿತ್ತು, ಎಳೆ ಕಡಿದುಹೋಯಿತು. ಜೋಗಪ್ಪ ಬಗ್ಗಿ ಲಾಳಿ ಎತ್ತಿಕೊಟ್ಟ, ಎಳೆ ಹೊಸೆದು ಕೂಡಿಸಿದ.

“ನಿಧಾನ ಕಣೋ. ಮಗಳ ಸೀರೆ ಇದು, ಸಂತೆ ಸೀರೆ ಅಲ್ಲ.”

ಕ್ಯಾತಪ್ಪ ತಲೆ ಎತ್ತಲಿಲ್ಲ. ಅವನ ಕಣ್ಣೀರು ನೇಯ್ದ ರೇಷ್ಮೆಯ ಮೇಲೆ ಬಿತ್ತು. ಜೋಗಪ್ಪ ಅದನ್ನು ಪಂಚೆಯ ತುದಿಯಿಂದ ಒತ್ತಿ ತೆಗೆದ, ಕಲೆಯಾಗಬಾರದೆಂದು.

ನೇಯ್ದು ಮುಗಿದ ಮೇಲೆ ಸೀರೆಯನ್ನು ಮಗ್ಗದಿಂದ ಕತ್ತರಿಸಿ, ಮಡಿಸಿ, ಕ್ಯಾತಪ್ಪನ ತೊಡೆಯ ಮೇಲೆ ಇಟ್ಟ. ಕಂಬಳಿ ಹೆಗಲಿಗೆ ಹಾಕಿ ಹೊರಬಂದ. ಬಿಸಿಲು ಇನ್ನೂ ಮಾಳಿಗೆಗಳ ಮೇಲಿತ್ತು.

ನಾನು ನಮ್ಮ ಮನೆಯೊಳಗೆ ಓಡಿ ಚೊಂಬು ತುಂಬ ನೀರು ತಂದು ಹಿಡಿದೆ. ಇಡೀ ಬೀದಿ ನೋಡುತ್ತಿತ್ತು. ಅವನ ತುಟಿ ಒಣಗಿತ್ತು.

“ಬ್ಯಾಡಣ್ಣ. ನಿನ್ನ ಮನೆಗೂ ಬಹಿಷ್ಕಾರ ಬೀಳ್ತೈತೆ,” ಎಂದು ಚೊಂಬನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ, ಚಳ್ಳಕೆರೆಯ ದಾರಿ ಹಿಡಿದ. ಮತ್ತೆ ಬರಲಿಲ್ಲ.